ಪಂಕ್ತಿಭೇದ ಮತ್ತು ಪರಮಪ್ರಸಾದ

ಕ್ರಿಸ್ತರ ಶಿಷ್ಯರಿಗೆ ‘ಕ್ರೈಸ್ತರು’ ಎಂಬ ಹೆಸರು ಮೊತ್ತಮೊದಲು ಬಂದದ್ದು ಅಂತಿಯೋಕ್ಯ ಪಟ್ಟಣದಲ್ಲಿ. ಪ್ರೇಷಿತರ ಕಾರ್ಯಕಲಾಪಗಳ ಗ್ರಂಥ ಇದನ್ನು ದಾಖಲಿಸಿದೆ. ಧರ್ಮೋಪದೇಶ ತರಗತಿಗಳಲ್ಲಿ ನಾವು ಮಕ್ಕಳಿಗೆ ಇದನ್ನು ಹೆಮ್ಮೆಯಿಂದಲೇ ಕಲಿಸುತ್ತೇವೆ. ಆದರೆ ಅದೇ ಅಂತಿಯೋಕ್ಯದಲ್ಲಿ, ಆ ಹೆಸರು ಹುಟ್ಟಿ ಹೆಚ್ಚು ಕಾಲ ಕಳೆಯುವ ಮುನ್ನವೇ, ಕ್ರೈಸ್ತರ ನಡುವೆ ಪಂಕ್ತಿಭೇದವೂ ಕಾಣಿಸಿಕೊಂಡಿತೆಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅದರಲ್ಲಿ ಸಿಲುಕಿದವರು ಯಾರೋ ಹೆಸರಿಲ್ಲದ ವಿಶ್ವಾಸಿಯಲ್ಲ, ಸ್ವತಃ ಸಂತ ಪೇತ್ರರು.

ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಸಂತ ಪೌಲರು ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ವಿವರಿಸುತ್ತಾರೆ. ಪೇತ್ರರು ಅಂತಿಯೋಕ್ಯಕ್ಕೆ ಬಂದಿದ್ದರು. ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಕುಳಿತು ಸಂಕೋಚವಿಲ್ಲದೆ ಊಟ ಮಾಡುತ್ತಿದ್ದರು. ಅಷ್ಟರಲ್ಲಿ ಜೆರುಸಲೇಮಿನಿಂದ, ಯಕೋಬರ ಕಡೆಯಿಂದ, ಕೆಲವರು ಬಂದರು. ಅವರನ್ನು ಕಂಡೊಡನೆ ಪೇತ್ರರು ಹಿಂದೆ ಸರಿದರು. ಆ ಪಂಕ್ತಿಗೆ ಹೋಗುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಉಳಿದ ಯೆಹೂದ್ಯ ಕ್ರೈಸ್ತರೂ ಎದ್ದರು. ಅಷ್ಟೊಂದು ಸೌಮ್ಯ ಸ್ವಭಾವದ ಬಾರ್ನಬರು ಕೂಡ ಎದ್ದುಹೋದರು. ಆಗ ಪೌಲರು ಎಲ್ಲರೆದುರಿಗೇ ಪೇತ್ರರನ್ನು ಪ್ರತಿಭಟಿಸಿದರು.

ಈ ಪ್ರಸಂಗ ಧರ್ಮಸಭೆಯ ಪಿತೃಗಳಿಗೂ ಮುಜುಗರ ತಂದಿತ್ತು. ಇದು ಇಬ್ಬರೂ ಪ್ರೇಷಿತರು ವಿಶ್ವಾಸಿಗಳಿಗೆ ಪಾಠ ಕಲಿಸಲು ಒಪ್ಪಿ ಆಡಿದ ಆಟವಿರಬೇಕು ಎಂಬ ವ್ಯಾಖ್ಯಾನವನ್ನು ಸಂತ ಜೆರೋಮರು ಸಮರ್ಥಿಸಿದರು. ಸಂತ ಅಗಸ್ತೀನರು ಅದನ್ನು ಒಪ್ಪಲಿಲ್ಲ. ತಪ್ಪು ತಪ್ಪೇ, ಅದನ್ನು ತಿದ್ದಿದ್ದೂ ನಿಜವೇ, ಇಲ್ಲವಾದರೆ ಪವಿತ್ರಗ್ರಂಥದ ಮಾತನ್ನು ನಂಬುವುದಾದರೂ ಹೇಗೆ ಎಂಬುದು ಅವರ ವಾದ. ಇಬ್ಬರ ನಡುವೆ ಇದರ ಕುರಿತು ಪತ್ರಗಳೇ ಓಡಾಡಿದವು. ನನ್ನ ಮಟ್ಟಿಗೆ ಅಗಸ್ತೀನರ ಮಾತೇ ಸರಿ. ನಾಟಕವಾಗಿದ್ದರೆ ಈ ಪ್ರಸಂಗದಿಂದ ನಮಗೆ ಕಲಿಯಲು ಏನೂ ಉಳಿಯುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೇತ್ರರು ಏಕೆ ಎದ್ದುಹೋದರು? ಅವರಲ್ಲಿ ಅನ್ಯರ ಬಗ್ಗೆ ದ್ವೇಷವಿರಲಿಲ್ಲ. ಯೊಪ್ಪದಲ್ಲಿ ಅವರಿಗೆ ದರ್ಶನವಾಗಿತ್ತು. ರೋಮನ್ ಶತಾಧಿಪತಿ ಕೊರ್ನೇಲಿಯ ಮನೆಯ ಹೊಸ್ತಿಲನ್ನು ಅವರು ದಾಟಿದ್ದರು. ದೇವರು ಪಕ್ಷಪಾತಿಯಲ್ಲವೆಂದು ತಮ್ಮ ಬಾಯಿಂದಲೇ ಸಾರಿದ್ದರು. ಅವರ ದೈವಶಾಸ್ತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಪೌಲರು ಕೊಡುವ ಕಾರಣ ಒಂದೇ ಒಂದು: ಭಯ. ಆ ಭಯ ಶತ್ರುಗಳದ್ದಲ್ಲ, ಹೆರೋದನದ್ದಲ್ಲ, ರೋಮಿನ ಸೈನಿಕರದ್ದಲ್ಲ. ಸೆರೆಮನೆಗೆ ಅಂಜದ ಪೇತ್ರರು ಅಂಜಿದ್ದು ತಮ್ಮವರ ಕಣ್ಣಿಗೆ.

ಸಮಾಜ ಒಡೆಯುತ್ತಿರುವ ಕಾಲದಲ್ಲಿ ವಿಶ್ವಾಸಿಯ ಪಾಡೇನು ಎಂದು ಕೇಳಿದಾಗಲೆಲ್ಲ ನನಗೆ ಅಂತಿಯೋಕ್ಯದ ಈ ಊಟ ನೆನಪಾಗುತ್ತದೆ. ಒಡಕಿಗೆ ಕಾರಣ ದ್ವೇಷವೆಂದು ನಾವು ಭಾವಿಸುತ್ತೇವೆ. ದ್ವೇಷಿಸುವವರು ಯಾವ ಸಮುದಾಯದಲ್ಲಿಯೂ ಬೆರಳೆಣಿಕೆಯಷ್ಟು ಮಂದಿ. ಅವರ ಕೆಲಸವನ್ನು ಸುಗಮಗೊಳಿಸುವವರು ಮಾತ್ರ ದ್ವೇಷವೇ ಇಲ್ಲದ ನಮ್ಮಂತಹ ಅಸಂಖ್ಯಾತ ಸಜ್ಜನರು, ‘ನಮ್ಮವರು ಏನೆಂದುಕೊಳ್ಳುತ್ತಾರೋ’ ಎಂದು ಪಂಕ್ತಿಯಿಂದ ಸದ್ದಿಲ್ಲದೆ ಏಳುವವರು.

ಇದು ಎಲ್ಲೋ ದೂರದ ಮಾತಲ್ಲ. ಪ್ರತಿಯೊಂದು ಕುಟುಂಬಕ್ಕೂ ಇಂದು ಒಂದು ವಾಟ್ಸಾಪ್ ಬಳಗವಿದೆ. ಬೆಳಗಿನ ಶುಭಾಶಯ, ಸಂತರ ಚಿತ್ರ, ಜನ್ಮದಿನದ ಹಾರೈಕೆಗಳ ನಡುವೆ ಇನ್ನೊಂದು ಧರ್ಮದವರ ಬಗ್ಗೆ, ಇನ್ನೊಂದು ಭಾಷೆಯವರ ಬಗ್ಗೆ ವಿಷ ತುಂಬಿದ ಸುದ್ದಿಯೊಂದು ಬಂದು ಬೀಳುತ್ತದೆ. ಕಳುಹಿಸಿದವರು ದೊಡ್ಡಪ್ಪನೋ, ಸೋದರಮಾವನೋ ಆಗಿರುತ್ತಾರೆ. ಅದು ಸುಳ್ಳೆಂದು ಓದಿದವರಲ್ಲಿ ಅರ್ಧದಷ್ಟು ಮಂದಿಗೆ ಗೊತ್ತಿರುತ್ತದೆ. ಯಾರೂ ಏನನ್ನೂ ಹೇಳುವುದಿಲ್ಲ. ಹಿರಿಯರ ಮನ ನೋಯಿಸಬಾರದೆಂಬುದು ನಮ್ಮ ಸಮಾಧಾನ. ಆ ಸಮಾಧಾನದಲ್ಲಿ ಹುರುಳಿಲ್ಲವೆಂದಲ್ಲ; ಆದರೆ ಹಿರಿಯರ ಗೌರವಕ್ಕಾಗಿ ನೆರೆಯವನ ಮಾನವನ್ನು ತೆರಬೇಕಾಗಿ ಬಂದಾಗ, ಆ ಬೆಲೆಯನ್ನು ತೆತ್ತವರು ನಾವಲ್ಲ, ನೆರೆಯವನು.

ಮತ್ತೊಂದು ಉದಾಹರಣೆ. 2022ರ ಮಾರ್ಚ್ ತಿಂಗಳಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಹೊಸ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ಸಿಗಲಿಲ್ಲ. ಬಳಿಕ ರಾಜ್ಯದ ಇನ್ನೂ ಹಲವು ಜಾತ್ರೆಗಳಲ್ಲಿ ಅದೇ ಬೇಡಿಕೆ ಎದ್ದಿತು. ದೇವಸ್ಥಾನಗಳ ತೀರ್ಮಾನಗಳನ್ನು ತೂಗುವುದು ಈ ಬರಹದ ಉದ್ದೇಶವಲ್ಲ. ಆ ವರ್ಷ ನಮ್ಮಲ್ಲಿ ಏನಾಯಿತೆಂಬುದಷ್ಟೇ ನನ್ನ ಮಾತು. ಒಂದು ಧರ್ಮಕೇಂದ್ರದಲ್ಲಿ ವಾರ್ಷಿಕ ಹಬ್ಬದ ಸಿದ್ಧತೆಗಾಗಿ ಪಾಲನಾ ಪರಿಷತ್ತಿನ ಸಭೆ ಸೇರಿತ್ತು, ನಾನೂ ಅಲ್ಲಿದ್ದೆ. ಸದಸ್ಯರೊಬ್ಬರು, ಬಹಳ ಸಾತ್ವಿಕರು, ‘ಈ ಸಲ ಅಂಗಡಿಗಳನ್ನು ನಮ್ಮವರಿಗೇ ಕೊಡೋಣ, ಸುಮ್ಮನೆ ತೊಂದರೆ ಏಕೆ?’ ಎಂದರು. ಕೆಲವರು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದುನಿಂತು, ‘ನನ್ನ ಮದುವೆಯ ಬಳೆ ತೊಡಿಸಿದ್ದು ಆ ಬಳೆಗಾರನ ಅಪ್ಪ. ಈಗ ಮಗ ಬರುತ್ತಾನೆ. ಅವನನ್ನು ಎಲ್ಲಿಗೆ ಕಳುಹಿಸುತ್ತೀರಿ, ಅದನ್ನು ಹೇಳಿ’ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಹಬ್ಬದ ದಿನ ಬಳೆಗಾರ ತನ್ನ ಹಳೆಯ ಜಾಗದಲ್ಲಿಯೇ ಕುಳಿತಿದ್ದ.

ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಹಬ್ಬಕ್ಕಾಗಲಿ, ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಹಬ್ಬಕ್ಕಾಗಲಿ ಹೋದವರಿಗೆ ಗೊತ್ತು: ಅಲ್ಲಿ ಮೇಣದಬತ್ತಿ ಹಿಡಿದು ನಿಂತವರಲ್ಲಿ ಯಾರು ಯಾವ ಮತದವರೆಂದು ಹೇಳಲಾಗದು. ಈ ಹಬ್ಬಗಳನ್ನು ಸೌಹಾರ್ದದ ಸಂಕೇತವೆಂದು ನಾವು ಭಾಷಣಗಳಲ್ಲಿ ಹೊಗಳುತ್ತೇವೆ. ಆ ಸೌಹಾರ್ದವನ್ನು ಉಳಿಸಿದ್ದು ಭಾಷಣಗಳಲ್ಲ. ಸಭೆಯ ಹಿಂದಿನ ಸಾಲಿನಿಂದ ಎದ್ದುನಿಂತು ಒಂದು ಪ್ರಶ್ನೆ ಕೇಳಿದ ಇಂತಹ ಕೆಲವರು.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುವುದು ಸಹಜ, ಮತ್ತು ಅದು ಬಲವಾದ ಆಕ್ಷೇಪ. ‘ಫಾದರ್, ನಮ್ಮ ಮೇಲೆಯೇ ದಾಳಿ ನಡೆಯುವಾಗ ನಾವು ಒಗ್ಗಟ್ಟಾಗಬೇಡವೇ? ನಮ್ಮವರನ್ನೇ ಟೀಕಿಸುತ್ತಾ ಕೂರುವುದು ದ್ರೋಹವಲ್ಲವೇ?’ ಈ ಪ್ರಶ್ನೆಯನ್ನು ಕೇಳುವವರು ನೋವುಂಡವರು. 2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬದ ದಿನವೇ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದ ಗುಂಪು ಶಿಲುಬೆಯನ್ನು ಒಡೆದು ಪರಮಪ್ರಸಾದಕ್ಕೆ ಅಪಚಾರ ಎಸಗಿತು. ಆ ದಿನಗಳಲ್ಲಿ ರಾಜ್ಯದ ಹಲವೆಡೆ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಒಡಿಶಾದ ಕಂಧಮಾಲಿನಲ್ಲಿ ಅದೇ ವೇಳೆಗೆ ಸಾವಿರಾರು ಜನ ಮನೆ ಕಳೆದುಕೊಂಡು ಕಾಡು ಸೇರಿದ್ದರು. ಇದನ್ನು ಮರೆಯಿರಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನ್ಯಾಯ ಕೇಳುವುದು ಕ್ಷಮೆಗೆ ವಿರುದ್ಧವೂ ಅಲ್ಲ.

ಆದರೆ ಆ ದಿನಗಳ ಇನ್ನೊಂದು ಮಾತೂ ನೆನಪಿನಲ್ಲಿರಬೇಕು. ದಾಳಿಗೊಳಗಾದವುಗಳಲ್ಲಿ ಸಣ್ಣಪುಟ್ಟ ಪ್ರಾರ್ಥನಾ ಕೂಟಗಳೂ ಇದ್ದವು. ಬಾಡಿಗೆ ಕೋಣೆಯಲ್ಲಿ ಸೇರುವ ಬಡವರ ಕೂಟಗಳು. ಆಗ ನಮ್ಮ ನಡುವೆ ಅಲ್ಲಲ್ಲಿ ಕೇಳಿಬಂದ ಮಾತು, ‘ಅವರು ಬೇರೆ, ನಾವು ಬೇರೆ. ಇದಕ್ಕೆಲ್ಲ ಅವರೇ ಕಾರಣ.’ ಅವರ ಬೋಧನೆಯ ರೀತಿಯ ಬಗ್ಗೆ ನನಗೂ ಭಿನ್ನಾಭಿಪ್ರಾಯಗಳಿವೆ, ದೊಡ್ಡ ಭಿನ್ನಾಭಿಪ್ರಾಯಗಳೇ ಇವೆ. ಆದರೆ ಏಟು ತಿಂದವನ ಪಕ್ಕದಲ್ಲಿ ನಿಂತು, ಏಟು ಕೊಟ್ಟವನಿಗೆ ‘ನಾನು ಇವನಲ್ಲ’ ಎಂದು ತಿಳಿಸುವುದಿದೆಯಲ್ಲ, ಅದು ಪಂಕ್ತಿಯಿಂದ ಏಳುವುದೇ. ಒಗ್ಗಟ್ಟೆಂದು ನಾವು ಕರೆದದ್ದು ಎಷ್ಟು ಬೇಗ ಚಿಕ್ಕದಾಗುತ್ತಾ ಹೋಯಿತು ನೋಡಿ.

ತತ್ತ್ವದ ದೃಷ್ಟಿಯಿಂದಲೂ ಈ ಆಕ್ಷೇಪವನ್ನು ಪರಿಶೀಲಿಸಬೇಕು. ಹತ್ತಿರದವರನ್ನು ಹೆಚ್ಚು ಪ್ರೀತಿಸುವುದು ತಪ್ಪೇ? ತಪ್ಪಲ್ಲ ಎನ್ನುತ್ತದೆ ಧರ್ಮಸಭೆಯ ಪರಂಪರೆ. ಸಂತ ಥಾಮಸ್ ಅಕ್ವಿನಾಸರು ಪ್ರೀತಿಗೆ ಒಂದು ಕ್ರಮವಿದೆಯೆಂದು ವಿಸ್ತಾರವಾಗಿ ಬರೆದಿದ್ದಾರೆ. ತಂದೆತಾಯಿಗೆ, ಮಕ್ಕಳಿಗೆ, ಊರವರಿಗೆ ನಮ್ಮ ಋಣ ಹೆಚ್ಚು. ಈ ವಾದವನ್ನು ರಾಜಕಾರಣಿಗಳೂ ಇತ್ತೀಚೆಗೆ ಬಳಸತೊಡಗಿದ್ದಾರೆ. 2025ರ ಆರಂಭದಲ್ಲಿ ಅಮೆರಿಕದ ಉಪಾಧ್ಯಕ್ಷರು ವಲಸಿಗರ ವಿಷಯದಲ್ಲಿ ಇದೇ ಪ್ರೀತಿಯ ಕ್ರಮವನ್ನು ಮುಂದಿಟ್ಟರು. ಅದೇ ಫೆಬ್ರವರಿಯಲ್ಲಿ ಜಗದ್ಗುರು ಫ್ರಾನ್ಸಿಸ್‌ನವರು, ತಮ್ಮ ಮರಣಕ್ಕೆ ಸುಮಾರು ಹತ್ತು ವಾರಗಳ ಮೊದಲು, ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ನಿಜವಾದ ಕ್ರಮವನ್ನು ತಿಳಿಯಬೇಕಾದರೆ ಒಳ್ಳೆಯ ಸಮಾರಿಯದವನ ಸಾಮತಿಯನ್ನು ಧ್ಯಾನಿಸಬೇಕೆಂದು ನೆನಪಿಸಿದರು. ಕುತೂಹಲದ ಸಂಗತಿಯೆಂದರೆ ಅಕ್ವಿನಾಸರ ಅಭಿಪ್ರಾಯವೂ ಇದಕ್ಕೆ ದೂರವಿಲ್ಲ. ಅಪರಿಚಿತನೊಬ್ಬ ಪ್ರಾಣಾಪಾಯದ ಕಷ್ಟದಲ್ಲಿದ್ದು, ಸ್ವಂತ ತಂದೆಗೆ ಅಂತಹ ಕಷ್ಟವಿಲ್ಲದಿದ್ದರೆ, ಮೊದಲು ನೆರವಾಗಬೇಕಾದದ್ದು ಅಪರಿಚಿತನಿಗೆ ಎಂದು ಅವರು ಹೇಳುತ್ತಾರೆ. ಗುರುಮಠದಲ್ಲಿ ನಾವು ಮೊದಲರ್ಧವನ್ನು ಕಂಠಪಾಠ ಮಾಡಿ ಪರೀಕ್ಷೆ ಬರೆದೆವು. ಎರಡನೆಯ ಅರ್ಧದ ಅರ್ಥ ತಿಳಿಯಲು ಧರ್ಮಕೇಂದ್ರಗಳಿಗೇ ಬರಬೇಕಾಯಿತು.

ಆದುದರಿಂದ ನಮ್ಮವರೊಡನೆ ನಿಲ್ಲುವುದು ಸರಿಯೇ ಎಂಬುದು ಪ್ರಶ್ನೆಯಲ್ಲ. ನಾವು ಅವರೊಡನೆ ನಿಂತದ್ದು ಅವರು ನೊಂದವರೆಂಬ ಕಾರಣಕ್ಕೋ, ಅವರು ನಮ್ಮವರೆಂಬ ಕಾರಣಕ್ಕೋ? ಇದನ್ನು ತಿಳಿಯಲು ಹೆಚ್ಚು ಕಾಯಬೇಕಿಲ್ಲ. ಅದೇ ನೋವು ನಾಳೆ ಪಕ್ಕದ ಬೀದಿಯ ಬೇರೆಯವರ ಮೇಲೆ ಬಿದ್ದಾಗ ಉತ್ತರ ತಾನಾಗಿ ಸಿಗುತ್ತದೆ.

ಈಗ ಹೇಳಲು ಹೆಚ್ಚು ಕಷ್ಟವಾದ ಮಾತಿಗೆ ಬರುತ್ತೇನೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ ದಲಿತರಿಗೂ 1990ರಲ್ಲಿ ಬೌದ್ಧ ದಲಿತರಿಗೂ ಆ ಸ್ಥಾನ ದೊರೆಯಿತು. ಕ್ರೈಸ್ತ ದಲಿತರಿಗೆ ದೊರೆಯಲಿಲ್ಲ. ಇದು ಅನ್ಯಾಯವೆಂದು ಧರ್ಮಸಭೆ ಹೇಳುತ್ತಾ ಬಂದಿದೆ, ಆಗಸ್ಟ್ 10ನ್ನು ಕರಾಳ ದಿನವಾಗಿ ಆಚರಿಸುತ್ತಿದೆ. ಈ ಬೇಡಿಕೆ ನ್ಯಾಯವಾದದ್ದು. ಆದರೆ ಇದರ ಒಡಲಿನಲ್ಲಿರುವ ವಾದವನ್ನು ಗಮನಿಸಿ: ಜ್ಞಾನಸ್ನಾನ ಪಡೆದ ಮೇಲೂ ಜಾತಿಯ ಕಳಂಕ ಇವರನ್ನು ಬಿಟ್ಟಿಲ್ಲ ಎಂಬುದೇ ಆ ವಾದ. ಬಿಡದಂತೆ ಮಾಡಿದವರಾರು? ಹೊರಗಿನ ಸಮಾಜ, ನಿಜ. ಹೊರಗಿನ ಸಮಾಜ ಮಾತ್ರವೇ? ತಮಿಳುನಾಡಿನ ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ಜಾತಿ ಜಾತಿಯ ಸಮಾಧಿಗಳ ನಡುವೆ ಎದ್ದ ಗೋಡೆಯನ್ನು ಹೊರಗಿನವರು ಕಟ್ಟಲಿಲ್ಲ. ನಮ್ಮ ಕಡೆ ಗೋಡೆಗಳು ಕಡಿಮೆ. ಆದರೆ ಮದುವೆಯ ಮಾತು ಬಂದಾಗ ‘ಅವರ ಮೂಲ ಮನೆತನ ಯಾವುದು?’ ಎಂದು ಮೆಲ್ಲಗೆ ಕೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ಪ್ರಶ್ನೆಗೆ ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಉತ್ತರವಿಲ್ಲ, ಕೇಳುವವರಿಗೆ ಬೇಕಾದ ಉತ್ತರ ಬೇರೆಯದೇ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದರಿಂದ ಎಂತಹ ರಕ್ತಪಾತವಾಯಿತೆಂದು ಶರಣರ ಪರಂಪರೆ ಹೇಳುವ ಕಥೆಯನ್ನು ಕನ್ನಡ ಮಕ್ಕಳೆಲ್ಲ ಬಲ್ಲರು. ಅದು 12ನೆಯ ಶತಮಾನದ ಮಾತು.

2003ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತನಾಡುತ್ತಾ ಕ್ರೈಸ್ತರ ನಡುವಿನ ಜಾತಿ ಪಕ್ಷಪಾತವನ್ನು ಖಂಡಿಸಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ತಾರತಮ್ಯವಿದೆಯೆಂದು ಬರೆದು ಒಪ್ಪಿಕೊಂಡಿತು. ದಾಖಲೆಗಳಿಗೆ ಕೊರತೆಯಿಲ್ಲ. ಪೇತ್ರರಿಗೂ ದರ್ಶನಕ್ಕೆ ಕೊರತೆಯಿರಲಿಲ್ಲ.

ಬೆಂಗಳೂರಿನಂತಹ ನಗರಗಳಲ್ಲಿ ಆರಾಧನೆಯ ಭಾಷೆಯ ಹೆಸರಿನಲ್ಲಿ ನಡೆದ ಕಲಹಗಳನ್ನು ಇಲ್ಲಿ ಕೆದಕುವುದಿಲ್ಲ. ಈ ನೆಲದ ದೇವಾಲಯಗಳಲ್ಲಿ ಈ ನೆಲದ ಭಾಷೆಗೆ ಗೌರವದ ಸ್ಥಾನವಿರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಬ್ಬರ ಮುಖ ಒಬ್ಬರು ನೋಡದೆ ಎರಡು ಭಾಷೆಯವರು ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ ಎರಡು ಬಾಗಿಲುಗಳಿಂದ ಹೊರಹೋದರೆ, ಕೊರಿಂಥದವರಿಗೆ ಪೌಲರು ಬರೆದದ್ದನ್ನು ಮತ್ತೆ ತೆರೆದು ಓದಬೇಕು. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಮುಗಿಸುತ್ತಿದ್ದರು. ಬಡವರಿಗೆ ಹಸಿವೇ ಗತಿಯಾಗುತ್ತಿತ್ತು. ಪೌಲರು ಅವರ ಪ್ರಾರ್ಥನೆಯಲ್ಲಿ ದೋಷ ಹುಡುಕಲಿಲ್ಲ. ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದುಬಿಟ್ಟರು. ಪೂಜಾವಿಧಿ ಎಷ್ಟೇ ಸರಿಯಾಗಿದ್ದರೂ ಪಂಕ್ತಿ ಒಡೆದಿದ್ದರೆ ಅವರಿಗೆ ಅದು ಸಾಲದು.

ಹಾಗಾದರೆ ಈ ಭಯವನ್ನು ಗೆಲ್ಲುವುದು ಸಾಧ್ಯವೇ? ಆಫ್ರಿಕದ ಎರಡು ನೆರೆಯ ದೇಶಗಳ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1994ರಲ್ಲಿ ರುವಾಂಡದಲ್ಲಿ ಹುಟು ಉಗ್ರರು ಟುಟ್ಸಿ ಜನರನ್ನು ಸುಮಾರು ನೂರು ದಿನಗಳ ಕಾಲ ಕೊಂದರು. ಕೊಂದವರೂ ಸತ್ತವರೂ ಬಹುಪಾಲು ಕ್ರೈಸ್ತರು. ನ್ಯಾಂಗೆ ಎಂಬ ಧರ್ಮಕೇಂದ್ರದಲ್ಲಿ ದೇವಾಲಯದೊಳಗೆ ಆಶ್ರಯ ಪಡೆದಿದ್ದ ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ದೇವಾಲಯವನ್ನೇ ಬುಲ್ಡೋಜರಿನಿಂದ ಕೆಡವಲಾಯಿತು. ಅದಕ್ಕೆ ನೆರವಾದ ಅಲ್ಲಿನ ಗುರುವಿಗೆ ವಿಶ್ವಸಂಸ್ಥೆಯ ನ್ಯಾಯಮಂಡಳಿ 2006ರಲ್ಲಿ ಶಿಕ್ಷೆ ವಿಧಿಸಿತು. 2008ರಲ್ಲಿ ಮೇಲ್ಮನವಿಯ ನ್ಯಾಯಪೀಠ ಅದನ್ನು ಜೀವಾವಧಿಗೆ ಏರಿಸಿತು. ಒಬ್ಬ ಗುರುವಾಗಿ ಈ ವಾಕ್ಯವನ್ನು ಬರೆಯುವುದು ಸುಲಭವಲ್ಲ.

ಮೂರು ವರ್ಷಗಳ ನಂತರ, 1997ರ ಏಪ್ರಿಲ್ 30ರಂದು, ಪಕ್ಕದ ಬುರುಂಡಿಯ ಬುಟಾ ಎಂಬಲ್ಲಿನ ಕಿರಿಯ ಗುರುಮಠಕ್ಕೆ ಬಂದೂಕುಧಾರಿಗಳು ನುಗ್ಗಿದರು. ವಿದ್ಯಾರ್ಥಿಗಳಲ್ಲಿ ಹುಟುಗಳೂ ಇದ್ದರು, ಟುಟ್ಸಿಗಳೂ ಇದ್ದರು. ಹುಟುಗಳು ಒಂದು ಕಡೆಗೆ, ಟುಟ್ಸಿಗಳು ಇನ್ನೊಂದು ಕಡೆಗೆ ಸರಿಯಿರಿ ಎಂದು ಆಜ್ಞೆಯಾಯಿತು. ಹುಡುಗರು ಸರಿಯಲಿಲ್ಲ. ಮತ್ತೆ ಆಜ್ಞೆಯಾಯಿತು. ಒಬ್ಬರ ಕೈ ಒಬ್ಬರು ಬಿಡಲಿಲ್ಲ. 40 ಮಂದಿ ವಿದ್ಯಾರ್ಥಿಗಳು ಅಲ್ಲಿ ಪ್ರಾಣ ತೆತ್ತರು. ಆ ಆಜ್ಞೆ ಪಾಲಿಸಿದ್ದರೆ ಅವರಲ್ಲಿ ಒಂದು ಭಾಗದವರಿಗೆ ಬದುಕುವ ಅವಕಾಶವಿತ್ತು ಎಂಬುದನ್ನು ಮರೆಯಬಾರದು.

ಈ ಹುಡುಗರು ಹುಟ್ಟು ವೀರರಾಗಿರಲಿಲ್ಲ. 1993ರಲ್ಲಿ ಆ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಗುರುಮಠದೊಳಗೂ ಸಂಶಯ ಹೊಕ್ಕಿತ್ತು. ಅಲ್ಲಿನ ಮುಖ್ಯಸ್ಥರಾದ ಗುರುಗಳು ಆ ಸಂಶಯವನ್ನು ಅಡಗಿಸಿಡಲಿಲ್ಲ. ಎರಡೂ ಕಡೆಯವರನ್ನು ಕೂರಿಸಿ ಬಾಯಿಬಿಟ್ಟು ಮಾತನಾಡುವಂತೆ ಮಾಡಿದರು. ಒಟ್ಟಿಗೆ ಪ್ರಾರ್ಥಿಸುವುದು, ಒಟ್ಟಿಗೆ ಆಡುವುದು, ಕುಣಿಯುವುದು, ಇವೆಲ್ಲವೂ ದಿನನಿತ್ಯ ನಡೆದವು. ಕೊನೆಯ ದಿನದ ಧೈರ್ಯ ಆ ಸಾಮಾನ್ಯ ದಿನಗಳಲ್ಲಿ ಕೂಡಿಟ್ಟದ್ದು. ನಮ್ಮ ಕಿರು ಕ್ರೈಸ್ತ ಸಮುದಾಯದ ಸಭೆಗಳು ಯಾವಾಗಲೂ ಅದೇ ನಾಲ್ಕು ದೊಡ್ಡ ಮನೆಗಳಲ್ಲಿ ಏಕೆ ನಡೆಯುತ್ತವೆ, ಊರ ಕೊನೆಯ ಕಾಲೊನಿಯ ಮನೆಯಲ್ಲಿ ಏಕೆ ನಡೆಯುವುದಿಲ್ಲ, ಅಲ್ಲಿ ಕೊಟ್ಟ ಚಹಾ ಏಕೆ ತಣ್ಣಗಾಗುತ್ತದೆ ಎಂದು ಕೇಳಿಕೊಳ್ಳುವುದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ.

ಯುವಕ ಯುವತಿಯರು ನನ್ನಲ್ಲಿ ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಉಳಿದಿದೆ. ‘ಮನೆಯವರನ್ನು ಎದುರಿಸಿದರೆ ಮನೆಯೇ ಒಡೆಯುತ್ತದಲ್ಲ, ಫಾದರ್? ಒಂದು ಒಡಕನ್ನು ಮುಚ್ಚಲು ಇನ್ನೊಂದನ್ನು ತೆರೆಯಬೇಕೇ?’ ಕೆಲವರು ಬೇಸತ್ತು ಕುಟುಂಬದ ಬಳಗವನ್ನೇ ತೊರೆಯುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದೂ ಒಂದು ಬಗೆಯಲ್ಲಿ ಪಂಕ್ತಿಯಿಂದ ಏಳುವುದೇ. ಪೌಲರು ಹಾಗೆ ಮಾಡಲಿಲ್ಲ. ಪೇತ್ರರನ್ನು ಮುಖಕ್ಕೆ ಮುಖ ಕೊಟ್ಟು ಎದುರಿಸಿದರು, ಬೆನ್ನ ಹಿಂದೆ ಆಡಿಕೊಳ್ಳಲಿಲ್ಲ. ಪೇತ್ರರನ್ನು ಬಿಟ್ಟು ಬೇರೊಂದು ಸಭೆಯನ್ನು ಕಟ್ಟಲೂ ಇಲ್ಲ. ಮುಂದೆ ಅವರು ಮಾಡಿದ ಕೆಲಸವೊಂದನ್ನು ಅವರ ಪತ್ರಗಳಲ್ಲಿಯೇ ಕಾಣುತ್ತೇವೆ: ಮಕೆದೋನಿಯದಿಂದ, ಕೊರಿಂಥದಿಂದ, ಗಲಾತ್ಯದಿಂದ ಕಾಣಿಕೆ ಎತ್ತಿದರು. ಕೊಟ್ಟವರು ಬಹುಪಾಲು ಯೆಹೂದ್ಯರಲ್ಲದ ಕ್ರೈಸ್ತರು. ಹಣ ಸಂಗ್ರಹವಾದದ್ದು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ. ಯಾವ ಊರಿನಿಂದ ಬಂದವರ ಭಯಕ್ಕೆ ಪೇತ್ರರು ಎದ್ದುಹೋಗಿದ್ದರೋ ಅದೇ ಊರಿನವರಿಗಾಗಿ.

ಆ ಹಣವನ್ನು ತಲುಪಿಸಲು ಪೌಲರು ತಾವೇ ಹೊರಟರು. ಅಪಾಯವಿದೆಯೆಂದು ದಾರಿಯುದ್ದಕ್ಕೂ ಜನ ಎಚ್ಚರಿಸಿದರು; ಕೇಳಲಿಲ್ಲ. ಜೆರುಸಲೇಮಿನ ಬೀದಿಯಲ್ಲಿ ಎಫೆಸದ ತ್ರೋಫಿಮ ಎಂಬ ಗೆಳೆಯನೊಡನೆ ಅವರು ನಡೆದುಹೋಗುವುದನ್ನು ಕೆಲವರು ನೋಡಿದ್ದರು. ತ್ರೋಫಿಮ ಯೆಹೂದ್ಯನಲ್ಲ. ಅವನನ್ನು ಪೌಲರು ಮಹಾದೇವಾಲಯದೊಳಗೇ ಕರೆದೊಯ್ದಿದ್ದಾರೆಂಬ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು, ನೋಡಿದವರು ಊಹಿಸಿಕೊಂಡದ್ದು. ಅಷ್ಟಕ್ಕೇ ಊರು ಎದ್ದಿತು, ಪೌಲರನ್ನು ಹೊರಗೆಳೆದು ಹೊಡೆಯತೊಡಗಿದರು, ಸೈನಿಕರು ಬಂದು ಸರಪಣಿ ಹಾಕಿ ಕರೆದೊಯ್ದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರು ಬಂಧನದಲ್ಲಿದ್ದರು.